ಕತ್ತು ತಿರುಗಿಸದೆ ನೋಡುವ ಆಂಟೆನಾಗಳು

ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ, ಮಕ್ಕಳೇ. ತೊಗರಿ ಹೊಲ, ಹತ್ತಿ ಹೊಲ ದಾಟುತ್ತಿದ್ದಂತೆ ಬಂಡೆಗಲ್ಲಿನ ಗುಡ್ಡಗಳು ಎದ್ದು ಬರುತ್ತವೆ. ಶಹಾಪುರದ ಹತ್ತಿರ ಅವು ಮಲಗಿದ ಬುದ್ಧನ ಹಾಗೆಯೇ ಕಾಣುತ್ತವೆ. ಬುದ್ಧನನ್ನು ಕಣ್ತುಂಬ ನೋಡಿದ ಮೇಲೆ ಊರಂಚಿನ ಮೊಬೈಲ್ ಟವರನ್ನೂ ಸ್ವಲ್ಪ ನೋಡಿ. ಅದರ ತುದಿಯಲ್ಲಿ ಉದ್ದುದ್ದನೆಯ ಚಪ್ಪಟೆ ಪೆಟ್ಟಿಗೆಗಳಿರುತ್ತವೆ. 5ಜಿ ಬಂದಿರುವ ಟವರ್ ಆದರೆ, ಅವುಗಳ ನಡುವೆ ಗಿಡ್ಡನೆಯ, ಅಗಲವಾದ ಪೆಟ್ಟಿಗೆಯೊಂದು ಕಂಡೀತು.

ಆ ಗಿಡ್ಡ ಪೆಟ್ಟಿಗೆಯೊಳಗೆ ಒಂದಲ್ಲ, ಡಜನ್‌ಗಟ್ಟಲೆ ಪುಟ್ಟ ಆಂಟೆನಾಗಳಿವೆ. ಪೆಟ್ಟಿಗೆ ಅಲ್ಲಾಡುವುದಿಲ್ಲ, ತಿರುಗುವುದೂ ಇಲ್ಲ. ಆದರೂ ನೀವು ಫೋನ್ ಹಿಡಿದು ಬಸ್‌ಸ್ಟ್ಯಾಂಡಿನಿಂದ ಸಂತೆಯ ಕಡೆಗೆ ನಡೆದರೆ, ಅದು ತನ್ನ ಅಲೆಗಳನ್ನು ನಿಮ್ಮ ಬೆನ್ನ ಹಿಂದೆಯೇ ಕಳಿಸುತ್ತದೆ. ಇದು ಹೇಗೆ ಸಾಧ್ಯ?

ಮೊದಲು ಆಂಟೆನಾ ಅಂದರೇನು ನೋಡೋಣ. ಅದೊಂದು ಲೋಹದ ತುಂಡು, ಅಷ್ಟೇ. ಅದರಲ್ಲಿ ವಿದ್ಯುತ್ತು ಹಿಂದೆ ಮುಂದೆ ಬೇಗ ಬೇಗ ಓಡಾಡಿದರೆ ಸುತ್ತಲೂ ರೇಡಿಯೋ ಅಲೆ ಹೊರಡುತ್ತದೆ. ಬೇರೆಲ್ಲಿಂದಲೋ ಬಂದ ಅಲೆ ತಾಗಿದರೆ ಅದರೊಳಗೇ ವಿದ್ಯುತ್ತು ಓಡಾಡತೊಡಗುತ್ತದೆ. ಮಾತಾಡುವುದೂ ಅದೇ, ಕೇಳುವುದೂ ಅದೇ.

ಈಗ ಅಡುಗೆಮನೆಗೆ ಹೋಗಿ, ಅಮ್ಮನನ್ನು ಕೇಳಿ ದೊಡ್ಡದೊಂದು ಪರಾತ ತನ್ನಿ. ಅದರಲ್ಲಿ ನೀರು ತುಂಬಿ, ಅಲುಗದಂತೆ ನೆಲದ ಮೇಲಿಡಿ. ಒಂದು ಬೆರಳಿನಿಂದ ನೀರನ್ನು ತಟ್ಟಿ: ಅಲೆ ಬಳೆಬಳೆಯಾಗಿ ಎಲ್ಲಾ ಕಡೆಗೂ ಹರಡುತ್ತದೆ. ಇನ್ನು ಎರಡೂ ಕೈಗಳ ತೋರುಬೆರಳುಗಳನ್ನು ಹತ್ತಿರ ಹತ್ತಿರ ಹಿಡಿದು, ಒಂದೇ ತಾಳಕ್ಕೆ ತಟ್ಟುತ್ತಾ ಹೋಗಿ. ಅವಸರ ಬೇಡ, ಬಾಗಿ ನೋಡಿ.

ಎರಡೂ ಬೆರಳಿಗೆ ಸರಿದೂರವಿರುವ ನಡುಗೆರೆಯ ಮೇಲೆ ಎರಡೂ ಅಲೆಗಳ ಏರುಗಳು ಒಟ್ಟಿಗೇ ಬಂದು ಸೇರುತ್ತವೆ. ಅಲ್ಲಿ ಅಲೆ ಎತ್ತರ. ಪಕ್ಕಕ್ಕೆ ಸರಿದರೆ, ಒಂದರ ಏರು ಬರುವ ಹೊತ್ತಿಗೆ ಇನ್ನೊಂದರ ಇಳಿವು ಬರುತ್ತದೆ. ಒಂದನ್ನೊಂದು ಅಳಿಸಿಹಾಕಿ ನೀರು ಸುಮ್ಮನಿರುತ್ತದೆ. ಎರಡು ಬೆರಳುಗಳು ಸೇರಿ ಅಲೆಗೆ ಒಂದು ದಿಕ್ಕು ಕೊಟ್ಟುಬಿಟ್ಟವು!

ಇನ್ನೂ ಸೊಗಸಾದದ್ದು ಮುಂದಿದೆ. ಪ್ರತಿ ಸಲವೂ ಎಡಬೆರಳನ್ನು ಒಂದು ಚೂರು ತಡಮಾಡಿ ತಟ್ಟಿದರೆ, ಏರುಗಳು ಸೇರುವ ಗೆರೆ ಎಡಕ್ಕೆ ವಾಲುತ್ತದೆ. ಬಲಬೆರಳು ತಡವಾದರೆ ಬಲಕ್ಕೆ. ಬೆರಳುಗಳು ಇದ್ದಲ್ಲೇ ಇವೆ, ಬದಲಾದದ್ದು ಹೊತ್ತು ಮಾತ್ರ. ಟವರಿನ ಗಿಡ್ಡ ಪೆಟ್ಟಿಗೆ ಮಾಡುವುದೂ ಇದನ್ನೇ. ಎರಡರ ಬದಲು ಡಜನ್‌ಗಟ್ಟಲೆ ಬೆರಳು ಅನ್ನಿ.

ನಮ್ಮ ಕರ್ನಾಟಕದಲ್ಲೇ ಈ ಉಪಾಯದ ದೊಡ್ಡ ರೂಪವೊಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ, ಬಯಲಿನಲ್ಲಿ, 1976ರಲ್ಲಿ ಒಂದು ರೇಡಿಯೋ ದೂರದರ್ಶಕ ಕೆಲಸ ಶುರುಮಾಡಿತು. ಅದನ್ನು ಕಟ್ಟಿದವರು ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು. ದೊಡ್ಡ ತಟ್ಟೆ ಇಲ್ಲ, ಮಸೂರ ಇಲ್ಲ. 'ಟಿ' ಅಕ್ಷರದಾಕಾರದಲ್ಲಿ ನಿಲ್ಲಿಸಿದ 1000 ಸರಳ ಆಂಟೆನಾಗಳು. ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ ತೋಳು ಸುಮಾರು 1.4 ಕಿಲೋಮೀಟರ್! ಅಷ್ಟುದ್ದದ ಕಣ್ಣನ್ನು ಯಾರು ತಾನೇ ತಿರುಗಿಸಿಯಾರು? ತಿರುಗಿಸಬೇಕಾಗಿಯೂ ಇಲ್ಲ. ಆಕಾಶದಿಂದ ಓರೆಯಾಗಿ ಬರುವ ಅಲೆ ಕೆಲವು ಆಂಟೆನಾಗಳನ್ನು ಮೊದಲು ಮುಟ್ಟುತ್ತದೆ, ಉಳಿದವನ್ನು ಆಮೇಲೆ. ಮೊದಲು ಬಂದದ್ದನ್ನು ಚೂರು ತಡೆಹಿಡಿದು, ಎಲ್ಲವೂ ಜೊತೆಯಾದ ಮೇಲೆ ಕೂಡಿಸಿದರೆ, ಆ ಒಂದು ದಿಕ್ಕಿನ ಪಿಸುಮಾತು ಗಟ್ಟಿಯಾಗಿ ಕೇಳುತ್ತದೆ. ಹೀಗೆ ಕೇಳಿ ಕೇಳಿಯೇ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಎಂಬ ವಿಜ್ಞಾನಿಗಳು 1990ರಲ್ಲಿ ಆಕಾಶದ ರೇಡಿಯೋ ನಕ್ಷೆಯೊಂದನ್ನು ಪ್ರಕಟಿಸಿದರು.

ಅಲ್ಲಿ ಹಿಡಿಯುವ ಅಲೆಯಲ್ಲಿ ಒಂದು ಏರಿನಿಂದ ಮುಂದಿನ ಏರಿಗೆ ಸುಮಾರು 8.7 ಮೀಟರ್. ನಮ್ಮಲ್ಲಿ 5ಜಿಗೆ ಹೆಚ್ಚಾಗಿ ಬಳಸುವ ಅಲೆಯೊಂದರಲ್ಲಿ ಅದು ಸುಮಾರು 8.7 ಸೆಂಟಿಮೀಟರ್. ನೂರು ಪಟ್ಟು ಚಿಕ್ಕದು! ಅಲೆ ಚಿಕ್ಕದಾದರೆ ಆಂಟೆನಾವೂ ಚಿಕ್ಕದು, ಅವುಗಳ ನಡುವಿನ ಜಾಗವೂ ಚಿಕ್ಕದು. ಗೌರಿಬಿದನೂರಿನಲ್ಲಿ ಬಯಲು ಬೇಡಿದ ಉಪಾಯ ನಿಮ್ಮೂರಿನ ಟವರಿನ ಪೆಟ್ಟಿಗೆಯಲ್ಲಿ ಹಿಡಿಸಿದ್ದು ಹೀಗೆ.

ರಾಡಾರಿಗೂ ಇದೇ ಉಪಾಯ. ಅಲೆ ಕಳಿಸಿ, ಅದು ಯಾವುದಕ್ಕೋ ಬಡಿದು ಮರಳುವುದನ್ನು ಕೇಳಿಸಿಕೊಳ್ಳುವ ಯಂತ್ರವೇ ರಾಡಾರ್. ನಮ್ಮ ವಾಯುಪಡೆಯ 'ನೇತ್ರ' ವಿಮಾನದ ಬೆನ್ನ ಮೇಲೆ ಉದ್ದನೆಯ ಪೆಟ್ಟಿಗೆಯೊಂದಿದೆ. ಅದರೊಳಗಿನ ರಾಡಾರನ್ನು ರೂಪಿಸಿದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ. ಅದೂ ತಿರುಗದೆಯೇ ದೂರದ ವಿಮಾನಗಳನ್ನು ಹುಡುಕುತ್ತದೆ.

ಮತ್ತೆ ಪರಾತಕ್ಕೆ ಬನ್ನಿ. ಅಲೆ ಅಂಚಿಗೆ ಬಡಿದು ವಾಪಸ್ಸು ಬಂದು ಎಲ್ಲವನ್ನೂ ಕಲಸಿಬಿಡುವುದನ್ನು ನೀವು ಆಗಲೇ ಗಮನಿಸಿರಬೇಕು. ಸುರಪುರದ ಸುತ್ತಲಿನ ಬಂಡೆಗಳು, ಊರಿನ ಗೋಡೆಗಳು ರೇಡಿಯೋ ಅಲೆಗೆ ಹೀಗೆಯೇ ಅಂಚಾಗುತ್ತವೆ. ಒಂದೇ ಅಲೆ ನೆಟ್ಟಗೂ ಬರುತ್ತದೆ, ಬಂಡೆಗೆ ಬಡಿದೂ ಬರುತ್ತದೆ. ಬಹಳ ಕಾಲ ಎಂಜಿನಿಯರುಗಳು ಇದನ್ನು ಕಾಟವೆಂದೇ ಎಣಿಸಿದ್ದರು.

ಕಾಟವನ್ನೇ ಕೆಲಸಕ್ಕೆ ಹಚ್ಚಿದವರಲ್ಲಿ ಮುಖ್ಯರು ತಮಿಳುನಾಡಿನ ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್. ನಮ್ಮ ನೌಕಾಪಡೆಯಲ್ಲಿದ್ದು, ನೀರಿನೊಳಗಿನ ಸದ್ದು ಕೇಳುವ ಸೋನಾರ್ ಕಟ್ಟಿದವರು. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರಕ್ಕೆ ಅವರೇ ಮೊದಲ ನಿರ್ದೇಶಕರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ, 1992ರಲ್ಲಿ ಈ ಹೊಸ ಆಲೋಚನೆ ಮುಂದಿಟ್ಟರು. ಅದಕ್ಕೆ 'ಮೈಮೋ' ಎನ್ನುತ್ತಾರೆ. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು.

ಆಲೋಚನೆ ಏನೆಂದು ಒಂದು ಲೆಕ್ಕದಿಂದ ತೋರಿಸುತ್ತೇನೆ, ಪೆನ್ಸಿಲ್ ಹಿಡಿಯಿರಿ. ಟವರಿನ ಒಂದು ಆಂಟೆನಾ 3 ಎಂಬ ಸಂಖ್ಯೆ ಕಳಿಸುತ್ತದೆ, ಇನ್ನೊಂದು ಅದೇ ಕ್ಷಣಕ್ಕೆ 4 ಕಳಿಸುತ್ತದೆ. ನಿಮ್ಮ ಫೋನಿನಲ್ಲೂ ಎರಡು ಆಂಟೆನಾ ಇವೆ ಎನ್ನಿ. ಮೊದಲನೆಯದಕ್ಕೆ ಎರಡೂ ಬೆರೆತು 7 ಎಂದು ಕೇಳುತ್ತದೆ. 3 ಮತ್ತು 4 ಸೇರಿದ್ದೋ, 5 ಮತ್ತು 2 ಸೇರಿದ್ದೋ, ಗೊತ್ತಾಗುವುದಿಲ್ಲ. ಎರಡನೆಯದಕ್ಕೆ ಬಂಡೆಯಿಂದ ಬಂದ ಅಲೆಯೂ ಸೇರಿ, ಮೊದಲ ಸಂಖ್ಯೆ ಎರಡು ಪಟ್ಟಾಗಿ ಕೇಳುತ್ತದೆ: 6 ಕೂಡಿಸು 4, ಅಂದರೆ 10. ಈಗ ಹತ್ತರಲ್ಲಿ ಏಳು ಕಳೆಯಿರಿ. ಮೂರು! ಏಳರಲ್ಲಿ ಮೂರು ಕಳೆದರೆ ನಾಲ್ಕು. ಒಂದೇ ಹೊತ್ತಿಗೆ, ಒಂದೇ ಗಾಳಿಯಲ್ಲಿ ಎರಡು ಸಂಖ್ಯೆಗಳು ಬಂದು ತಲುಪಿದವು.

ಎರಡು ಆಂಟೆನಾಗಳೂ ಒಂದೇ ಬಗೆಯಾಗಿ ಕೇಳಿದ್ದರೆ ಎರಡಕ್ಕೂ 7 ಸಿಕ್ಕು ಲೆಕ್ಕ ಅಲ್ಲೇ ನಿಲ್ಲುತ್ತಿತ್ತು. ಕೇಳಿದ್ದು ಬೇರೆ ಬೇರೆಯಾಗುವಂತೆ ಮಾಡಿದ್ದು ಬಂಡೆ. ಗುಡ್ಡ ಪೂರ್ತಿ ಅಡ್ಡ ನಿಂತರೆ ಸಿಗ್ನಲ್ ಕುಗ್ಗುವುದೇನೋ ನಿಜ; ಆದರೆ ಪಕ್ಕದಲ್ಲಿ ನಿಂತ ಬಂಡೆ ಬಲು ಉಪಕಾರಿ.

'ಎರಡು ಪಟ್ಟು' ಎಂದು ಫೋನಿಗೆ ಹೇಳಿದವರು ಯಾರು ಎಂದು ಕೇಳಿದಿರಾ? ಒಳ್ಳೆಯ ಪ್ರಶ್ನೆ. ತನಗೂ ಫೋನಿಗೂ ಮೊದಲೇ ಗೊತ್ತಿರುವ ಸಂಖ್ಯೆಗಳನ್ನು ಟವರ್ ನಡುನಡುವೆ ಕಳಿಸುತ್ತಿರುತ್ತದೆ. ಅವು ಹೇಗೆ ಬದಲಾಗಿ ಬಂದವು ಎಂದು ನೋಡಿ ಫೋನು ದಾರಿಯನ್ನು ಅಳೆಯುತ್ತದೆ. ನೀವು ಎರಡು ಹೆಜ್ಜೆ ಇಟ್ಟರೆ ದಾರಿಗಳೆಲ್ಲ ಬದಲಾಗುವುದರಿಂದ ಈ ಅಳತೆ ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ.

ಇನ್ನು ಲೆಕ್ಕ ನಿಮ್ಮದು. ಟವರಿನ ಮೂರು ಆಂಟೆನಾಗಳು ಒಂದೇ ಹೊತ್ತಿಗೆ ಮೂರು ಸಂಖ್ಯೆ ಕಳಿಸಿದರೆ, ಬಿಡಿಸಲು ಫೋನಿಗೆ ಎಷ್ಟು ಆಂಟೆನಾ ಬೇಕಾದೀತು?