ಘಟಿಕೆಯ ಎರಡು ಅರ್ಥಗಳು



ಇಂದು ನೀವು ಪದವೀಧರರಾಗುತ್ತಿರುವ ಈ ಘಟಿಕೋತ್ಸವದ ಹೆಸರಿನಲ್ಲಿರುವ ‘ಘಟಿಕೆ’ ಎಂಬ ಶಬ್ದಕ್ಕೆ ನಮ್ಮ ಪೂರ್ವಿಕರಲ್ಲಿ ಎರಡು ಅರ್ಥಗಳಿದ್ದುವು: ಮಯೂರಶರ್ಮನು ಅಧ್ಯಯನಕ್ಕೆಂದು ಪ್ರವೇಶಿಸಿದನೆಂದು ತಾಳಗುಂದದ ಶಾಸನವು ಹೇಳುವ, ಪಲ್ಲವರ ರಾಜಧಾನಿಯ ವಿದ್ಯಾಸ್ಥಾನವೂ ಘಟಿಕೆಯೇ, ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲೊಂದು ನೀರಿನ ಮೇಲೆ ತೇಲುತ್ತ, ಮೆಲ್ಲಮೆಲ್ಲನೆ ತುಂಬಿ, ಕಡೆಗೆ ಮುಳುಗುವವರೆಗಿನ 24 ನಿಮಿಷಗಳ ಅವಧಿಯೂ ಘಟಿಕೆಯೇ. ವಿದ್ಯೆಗೂ ಕಾಲಕ್ಕೂ ಒಂದೇ ಹೆಸರು ಒದಗಿರುವ ಈ ಸಂದರ್ಭದಲ್ಲಿ, ವಿಜ್ಞಾನವನ್ನು ಕ್ರಮವಾಗಿ ಓದದ ನನ್ನ ಮನಸ್ಸನ್ನು ಅನೇಕ ವರ್ಷಗಳಿಂದ ಸೆರೆಹಿಡಿದಿರುವ ಒಂದು ವಿಸ್ಮಯವನ್ನು ನಿಮ್ಮ ಮುಂದಿಡಬಯಸುತ್ತೇನೆ.

ಆ ಬಟ್ಟಲು ಎಲ್ಲಿ ತೇಲಿದರೂ, ಎಷ್ಟು ವೇಗದಿಂದ ಸಾಗಿದರೂ ಒಂದೇ ಸಮನೆ ತುಂಬುವುದೆಂದು ಮಾನವಕುಲವು ಬಹುಕಾಲ ನಂಬಿತ್ತು. 1905ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಉದ್ಯೋಗಿಯಾಗಿದ್ದ 26 ವರ್ಷದ ಐನ್‌ಸ್ಟೈನರು, ಬೆಳಕಿನ ವೇಗವು ಯಾರು ಅಳೆದರೂ ಒಂದೇ ಆಗಿರಬೇಕಾದರೆ ಕಾಲದ ಅಳತೆಯೇ ಅವರವರ ಚಲನೆಯನ್ನು ಅನುಸರಿಸಿ ಬೇರೆಬೇರೆಯಾಗಬೇಕೆಂದು ತೋರಿಸಿಕೊಟ್ಟರು. ಮನೆಯ ಮಾತಿನಲ್ಲಿ ಹೇಳುವುದಾದರೆ, 22 ವರ್ಷದ ಮಗಳು ಬೆಳಕಿನ ವೇಗದ ಹತ್ತರಲ್ಲಿ ಎಂಟು ಪಾಲು ವೇಗದಿಂದ ಎಂಟು ಜ್ಯೋತಿರ್ವರ್ಷಗಳ ದೂರಕ್ಕೆ ಹೋಗಿ, ಅಲ್ಲಿಂದ ಕೂಡಲೇ ಹಿಂದಿರುಗಿದರೆ, ಬೀಳ್ಕೊಡುವಾಗ 50 ವರ್ಷದವಳಾಗಿದ್ದ ತಾಯಿಗೆ 70 ತುಂಬಿರುತ್ತದೆ, ಮಗಳಿಗೆ 34.

ಅಂಥ ನೌಕೆಯನ್ನು ಮನುಷ್ಯನು ಕಟ್ಟಿಲ್ಲವಾದರೂ, ಅಂಥ ಯಾತ್ರಿಕರು ಈ ಸಭಾಂಗಣದಲ್ಲಿಯೇ ನಮ್ಮನ್ನು ಹಾದುಹೋಗುತ್ತಿದ್ದಾರೆ. ನಿಮ್ಮ ಅಂಗೈಯನ್ನು ಮೇಲ್ಮುಖವಾಗಿ ಚಾಚಿದರೆ, ಸೆಕೆಂಡಿಗೆ ಸುಮಾರು ಒಂದರಂತೆ, ಮ್ಯೂಯಾನ್ ಎಂಬ ಕಣವು ಮಾಳಿಗೆಯನ್ನು ತೂರಿ ಬಂದು, ಸ್ಪರ್ಶದ ಅರಿವನ್ನೂ ಕೊಡದೆ ಅದರ ಮೂಲಕ ಹಾಯ್ದುಹೋಗುತ್ತದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಈ ಕಣದ ಸರಾಸರಿ ಆಯುಸ್ಸು, ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 2.2 ಪಾಲು ಮಾತ್ರ. ಅಷ್ಟರಲ್ಲಿ ಬೆಳಕೇ ಕ್ರಮಿಸುವ ದೂರ ಸುಮಾರು 660 ಮೀಟರ್. ಹಾದಿಯಲ್ಲಿಯೇ ಅಳಿಯಬೇಕಾಗಿದ್ದ ಕಣವು ನೆಲವನ್ನು ಮುಟ್ಟುವುದೆಂತು? ಬೆಳಕಿನ ವೇಗಕ್ಕೆ ಅತಿ ಸಮೀಪವಾದ ವೇಗದಿಂದ ಅದು ಧಾವಿಸುತ್ತಿರುವುದರಿಂದ, ನಮ್ಮ ಗಣನೆಗೆ ಅದರ ಬಟ್ಟಲು ನಿಧಾನವಾಗಿ ತುಂಬುತ್ತದೆ. ಕಣಕ್ಕಾದರೋ ಈ ದೀರ್ಘಾಯುಸ್ಸಿನ ಲಾಭವಿಲ್ಲ. ತನ್ನ ಲೆಕ್ಕದಲ್ಲಿ ಅದು ಬಾಳುವುದು ತನ್ನ ಪಾಲಿನ ಅಷ್ಟೇ ಕಾಲ, ಸಂಕೋಚಗೊಂಡಿರುವುದು ದಾಟಬೇಕಾದ ದಾರಿ.

ವೇಗದಿಂದ ಚಲಿಸುವ ಇಂಥ ಕಣವು ತಡವಾಗಿ ಅಳಿಯಬೇಕೆಂದು 1938ರಲ್ಲಿಯೇ ಸೂಚಿಸಿದ ಹೋಮಿ ಭಾಭಾ ಅವರು, ರಜೆಗೆಂದು ಸ್ವದೇಶಕ್ಕೆ ಬಂದು, 1939ರಲ್ಲಿ ಮಹಾಯುದ್ಧವು ಆರಂಭವಾದುದರಿಂದ ಕೇಂಬ್ರಿಜ್‌ಗೆ ಮರಳಲಾರದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು. 1941ರಲ್ಲಿ ಬ್ರೂನೊ ರೋಸಿ ಮತ್ತು ಡೇವಿಡ್ ಹಾಲ್ ಅವರು ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ, ಬೆಟ್ಟದ ಎತ್ತರದಲ್ಲಿಯೂ ಅದಕ್ಕಿಂತ ತಗ್ಗಿನಲ್ಲಿಯೂ ಈ ಕಣಗಳನ್ನು ಎಣಿಸಿ, ವೇಗ ಹೆಚ್ಚಿದಂತೆ ಅವುಗಳ ಆಯುಸ್ಸು ನಮ್ಮ ಅಳತೆಗೆ ಹೆಚ್ಚುವುದನ್ನು ಕಂಡರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಉಪಕರಣಗಳನ್ನಿಳಿಸಿ, ಬಂಡೆಯನ್ನು ಭೇದಿಸಿ ಬರುವ ಮ್ಯೂಯಾನ್‌ಗಳನ್ನು ಬೇರೆಬೇರೆ ಆಳಗಳಲ್ಲಿ ಎಣಿಸಿದರು. ಚಿನ್ನ ತೆಗೆಯುವ ನೆಲದಲ್ಲಿ ಅವರು ಅರಸಿದ್ದು ಒಂದು ಲೆಕ್ಕವನ್ನು.

ಇವರ ಚರಿತ್ರೆಯಿಂದ ನಾನು ಕಲಿತ ಪಾಠವಿದು: ಬೆರಗುಪಡಲು ಯಾರ ಅಪ್ಪಣೆಯೂ ಬೇಡ, ಆದರೆ ಬೆರಗು ವಿದ್ಯೆಯಾಗುವುದು ಅಳತೆಗೆ ತಲೆಬಾಗಿದಾಗ. ಬ್ರಹ್ಮಲೋಕದಲ್ಲಿ ಗಾನವನ್ನು ಆಲಿಸಿ ಮುಗಿಯುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದುಹೋಗಿದ್ದ ಕಕುದ್ಮಿರಾಜನ ಕಥೆಯನ್ನು ಕಟ್ಟಿದ ಪುರಾಣಕಾರನ ಕಲ್ಪನೆಗೆ ನಾನು ಕೈಮುಗಿಯುತ್ತೇನೆ. ಅದನ್ನೇ ಭೌತಶಾಸ್ತ್ರವೆಂದು ಸಾರುವುದು ಮಾತ್ರ ಕವಿಗೂ ವಿಜ್ಞಾನಿಗೂ ಸಲ್ಲಿಸುವ ಗೌರವವಲ್ಲ. ಕಾಲವನ್ನು ಅಳೆಯುವ ಬಟ್ಟಲಿಗೂ ವಿದ್ಯೆಯನ್ನು ಕಲಿಸುವ ಮಂದಿರಕ್ಕೂ ಹೆಸರು ಒಂದಾದುದು ಆಕಸ್ಮಿಕವೇ ಆಗಿದ್ದರೂ, ನಮಗೆ ಅದು ಉಪದೇಶವಾಗಬಹುದು.

ನೀವು ಯಾವ ವೃತ್ತಿಯನ್ನೇ ಹಿಡಿಯಿರಿ, ಈ ಬೆರಗನ್ನೂ ಈ ಅಳತೆಯನ್ನೂ ಕೈಬಿಡಬೇಡಿರಿ. ಇಂದು ರಾತ್ರಿ ಮನೆಗೆ ಮರಳಿದಾಗ, ನಿಮ್ಮನ್ನು ಓದಿಸಲೆಂದು ತಮ್ಮ ಬಾಳಿನ ಘಟಿಕೆಗಳನ್ನು ವ್ಯಯಿಸಿದ ತಂದೆತಾಯಿಗಳನ್ನು ಅಂಗಳಕ್ಕೆ ಕರೆದು, ಅವರ ಅಂಗೈಯನ್ನು ಆಕಾಶದತ್ತ ತೆರೆಯಿಸಿ, ಅದರ ಮೂಲಕ ಹಾಯುತ್ತಿರುವ ಯಾತ್ರಿಕನ ಕಥೆಯನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿರಿ. ಹಾಗೆ ಹೇಳಬಲ್ಲಿರಾದರೆ ನಿಮ್ಮ ಪದವಿ ಸಾರ್ಥಕ.