‘ಹುಡುಗನ’ನಾ, ‘ಹುಡುಗರ’ನಾ? ಅಪಾಸ್ಟ್ರಫಿ ಕಲಿಸೋ ನಮ್ಮೂರಿನ ದಾರಿ

ಯಾದಗಿರಿ ಜಿಲ್ಲೆಯ ಮುದನಾಳದಿಂದ ಮಾತಾಡ್ತಿದ್ದೀನಿ. ಸಂಜೆ ಹೊತ್ತು ಓಣಿಯ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಇವತ್ತಿನ ಮಾತು ಅಪಾಸ್ಟ್ರಫಿ ಬಗ್ಗೆ. ಅದೇ ರೀ, ಅಕ್ಷರದ ತಲೆ ಹತ್ತಿರ ತೂಗೋ ಸಣ್ಣ ಕೊಕ್ಕೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007-08ರಲ್ಲಿ. ಆದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ಬರೆಯೋ ಮೊದಲ ತಲೆಮಾರು ಈ ಮಕ್ಕಳೇ. ಬರೆದದ್ದಕ್ಕೆಲ್ಲ ಕೆಂಪು ಗೆರೆ ಬಿದ್ದರೆ ಮಗು ಬರೆಯೋದನ್ನೇ ಬಿಡ್ತದೆ.

ಕಷ್ಟ ಎಲ್ಲಿದೆ? ಈ ಚಿಹ್ನೆ ಕಿವಿಗೆ ಕೇಳಿಸೋದಿಲ್ಲ. ‘ಬಾಯ್ಸ್’ ಅಂತ ಹೇಳಿ ನೋಡ್ರಿ. ಹುಡುಗರು, ಹುಡುಗನ, ಹುಡುಗರ: ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಸದ್ದು. ಕನ್ನಡದಲ್ಲಿ ಮೂರೂ ಬೇರೆ ಬೇರೆ. ಅದಕ್ಕೇ ನಾನು ಮೊದಲು ಕನ್ನಡದಲ್ಲಿ ಹೇಳಿಸ್ತೀನಿ. ‘ಹುಡುಗರು ಬಂದರು’: ಬರೀ ಎಸ್, ಚಿಹ್ನೆ ಬೇಡ. ‘ಹುಡುಗನ ಚೀಲ’: ಚಿಹ್ನೆ, ಆಮೇಲೆ ಎಸ್. ‘ಹುಡುಗರ ಚೀಲ’: ಎಸ್, ಆಮೇಲೆ ಚಿಹ್ನೆ. ವಿಭಕ್ತಿ ಅನ್ನೋ ಪದವೇ ಕೇಳಿರದ ಮಗುವಿನ ನಾಲಿಗೆಗೂ ಈ ವ್ಯತ್ಯಾಸ ಗೊತ್ತು.

ಚಿಹ್ನೆಗೆ ಇನ್ನೊಂದು ಕೆಲಸ ಇದೆ, ಬಿಟ್ಟ ಅಕ್ಷರದ ಗುರುತು. ‘ಮಾಡಲಿಲ್ಲ’ ಅನ್ನೋದನ್ನ ನಾವು ‘ಮಾಡ್ಲಿಲ್ಲ’ ಅಂತೀವಲ್ಲ, ಹಾಗೇ ‘ಡೂ ನಾಟ್’ ಹೋಗಿ ‘ಡೋಂಟ್’. ಅಕ್ಷರದ ಚೀಟಿ ನೆಲದ ಮೇಲೆ ಜೋಡಿಸಿ, ನಾಟ್‌ನ ‘ಓ’ ತೆಗೆದು, ಆ ಜಾಗದಲ್ಲಿ ಒಂದು ತೊಗರಿ ಕಾಳು ಇಡಿಸ್ತೀನಿ. ತೊಗರಿ ನಾಡಲ್ಲಿ ಕಾಳಿಗೇನು ಕೊರತೆ! ಕಾಳು ಇದ್ದಲ್ಲಿ ಅಕ್ಷರ ಹೋಗಿದೆ ಅಂತ ಮಕ್ಕಳೇ ಹೇಳ್ತಾರೆ.

ದೊಡ್ಡವರೂ ಎಡವೋದು ‘ಇಟ್ಸ್’ನಲ್ಲಿ. ‘ಇಟ್ ಈಸ್’ ಅಂತ ಬಿಡಿಸೋಕೆ ಬಂದರೆ ಕಾಳು ಇಡ್ರಿ. ‘ಅದರ ಬಾಲ’ ಅನ್ನುವಾಗ ಬೇಡ. ಹಿಸ್, ಹರ್ ಪದಗಳಿಗೆ ಇಲ್ಲದ ಹಾಗೆ ಇದಕ್ಕೂ ಇಲ್ಲ.

ಫೋನಿನ ಕೀಬೋರ್ಡ್ ‘ಡೋಂಟ್’ಗೆ ತಾನೇ ಚಿಹ್ನೆ ಹಾಕ್ತದೆ, ನಿಜ. ಆದರೆ ಚೀಲ ಒಬ್ಬ ಹುಡುಗನದೋ, ನಾಲ್ಕು ಹುಡುಗರದೋ ಅನ್ನೋದು ಬರೆಯೋರಿಗೇ ಗೊತ್ತು.

ಮನೆಯಲ್ಲಿ ತಮ್ಮ, ತಂಗಿ ಇದ್ದರೆ ಇವತ್ತು ಹತ್ತು ನಿಮಿಷ ಅವರ ಜೊತೆ ಕೂಡ್ರಿ. ‘ತಪ್ಪು’ ಅನ್ನೋಕಿಂತ ಮುಂಚೆ ಒಂದು ಮಾತು ಕೇಳ್ರಿ: ‘ಇದನ್ನ ಕನ್ನಡದಾಗ ಹೆಂಗ ಹೇಳ್ತಿ?’ ಅರ್ಧ ಉತ್ತರ ಅಲ್ಲೇ ಸಿಗ್ತದೆ.