ಬಾನುಲಿಯೂ ಕನ್ನಡಿಗರ ಕೈಕಸಬೂ

(ಕುಡತಿನಿಯಲ್ಲಿ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ಕನ್ನಡ ನಾಡಿನಲ್ಲಿ ಬಾನುಲಿಯ ಧ್ವನಿ ಹೇಗೆ ಹುಟ್ಟಿತು, ಬಾನುಲಿಯ ಯಂತ್ರವನ್ನು ಮಾಡುವ ಉದ್ಯಮ ಹೇಗೆ ಬೆಳೆಯಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಮುಂದೆ ನಿಂತಿರುವೆವು.

ಕುಡತಿನಿಯಲ್ಲಿ ಈ ಮಾತೇಕೆಂದು ತಾವು ಕೇಳಬಹುದು. ಇಲ್ಲಿಯ ಬೂದಿದಿಬ್ಬವನ್ನು ತಾವೆಲ್ಲರೂ ಬಲ್ಲಿರಿ. ನೂತನ ಶಿಲಾಯುಗದ ದನಗಾಹಿಗಳು ಸೆಗಣಿಯನ್ನು ರಾಶಿಹಾಕಿ ಸುಟ್ಟುದರಿಂದ ಅದು ಉಂಟಾಯಿತೆಂದು ಪಂಡಿತರು ಹೇಳುವರು. ಅದೇ ಊರಿನ ನೆಲದಲ್ಲಿ ಇಂದು 1,700 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರವು ನಿಂತಿರುವುದು. ಅದರ ಮುಖ್ಯ ಯಂತ್ರಗಳನ್ನು ಒದಗಿಸಿದುದು ಬಿ.ಎಚ್.ಇ.ಎಲ್. ಸಂಸ್ಥೆ. ವಿದ್ಯುತ್ ಕೇಂದ್ರಗಳ ನಿಯಂತ್ರಣ ಸಾಧನಗಳನ್ನು ಮಾಡುವ ಆ ಸಂಸ್ಥೆಯ ಕಾರ್ಖಾನೆಯೊಂದು ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಆ ಸ್ಥಳದಲ್ಲಿ ಮೊದಲು ಇದ್ದುದು ಒಂದು ರೇಡಿಯೋ ಕಂಪನಿಯೇ. ಆದುದರಿಂದ ಈ ವಿಷಯವು ತಮ್ಮ ಊರಿಗೆ ಹೊರಗಿನದಲ್ಲ.

ಮೊದಲು ಧ್ವನಿಯ ಸಂಗತಿಯನ್ನು ಹೇಳುವೆವು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದರು. ಅದರ ಶಕ್ತಿ ಕೇವಲ 30 ವಾಟು. ಒಂದು ಸಣ್ಣ ದೀಪವು ಉರಿಯುವಷ್ಟು! ಅದಕ್ಕೆ ಬಂದ ಹೆಸರು 'ಆಕಾಶವಾಣಿ'. ಪಾಠ ಹೇಳುವವರೊಬ್ಬರು ಈ ಕಾರ್ಯಕ್ಕೆ ಕೈಹಾಕಿದರೆಂಬುದನ್ನು ಉಪಾಧ್ಯಾಯರಾದ ತಾವು ವಿಶೇಷವಾಗಿ ಗಮನಿಸಬೇಕು. 1942ರಲ್ಲಿ ಮೈಸೂರು ಸಂಸ್ಥಾನವು ಆ ಕೇಂದ್ರವನ್ನು ವಹಿಸಿಕೊಂಡಿತು. ಮುಂದೆ 1950ರ ದಶಕದಲ್ಲಿ ಭಾರತ ಸರಕಾರವು ತನ್ನ ಬಾನುಲಿಗೆ ಅದೇ ಹೆಸರನ್ನು ಇಟ್ಟುಕೊಂಡಿತು.

ಆ ಕಾಲದಲ್ಲಿ ಕನ್ನಡಿಗರ ಸ್ಥಿತಿ ಹೇಗಿತ್ತು? ಧಾರವಾಡವು ಮುಂಬಯಿಯ ಆಡಳಿತದಲ್ಲಿ, ರಾಯಚೂರು ನಿಜಾಮರ ಕೈಯಲ್ಲಿ, ಕೊಡಗು ಬೇರೆಯಾಗಿ, ನಮ್ಮ ಬಳ್ಳಾರಿಯು ಮದರಾಸಿನ ಅಧೀನದಲ್ಲಿ ಇದ್ದವು. ಒಂದೇ ಮಾತನಾಡುವ ಜನರು ತಮ್ಮ ಅಹವಾಲನ್ನು ನಾಲ್ಕು ದಿಕ್ಕಿನ ಕಚೇರಿಗಳಿಗೆ ಒಯ್ಯುತ್ತಿದ್ದರು. 1950ರ ಜನವರಿ 8ರಂದು ಧಾರವಾಡದ ಕೇಂದ್ರವು ನುಡಿಯತೊಡಗಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರನ್ನು ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಏಕೀಕರಣವು ಕೈಗೂಡಿತು. ಗಡಿಗಳು ಸರಿಹೋಗುವ ಮೊದಲೇ ಕನ್ನಡದ ಧ್ವನಿಯು ಆಕಾಶವನ್ನೇರಿತ್ತೆಂದು ಅಭಿಮಾನದಿಂದ ಹೇಳಿಕೊಳ್ಳಬಹುದು.

ಆದರೆ, ಮಹನೀಯರೇ, ಧ್ವನಿ ನಮ್ಮದಾದರೂ ಯಂತ್ರವು ನಮ್ಮದಾಗಿರಲಿಲ್ಲ. ಹಾಲೆಂಡು, ಇಂಗ್ಲೆಂಡು, ಅಮೆರಿಕಗಳಿಂದ ಬಂದ ಪೆಟ್ಟಿಗೆಗಳ ಮುಂದೆ ಕುಳಿತು ನಾವು ಕನ್ನಡವನ್ನು ಕೇಳಿದೆವು. ಆ ಪೆಟ್ಟಿಗೆಯ ಜೀವವೆಂದರೆ ವಾಲ್ವು. ಅದು ನೋಡಲು ವಿದ್ಯುದ್ದೀಪದ ಬುರುಡೆಯ ಒಡಹುಟ್ಟಿನಂತಿರುವುದು. ಒಳಗಿನ ಗಾಳಿಯನ್ನು ತೆಗೆದುಹಾಕಿ, ತಂತುವನ್ನು ಕಾಯಿಸಿದರೆ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನತ್ತ ಹರಿಯುವವು. ನಡುವೆ ಇರುವ ಸಣ್ಣ ಜಾಲರಿಯು, ತೂಬು ಕಾಲುವೆಯ ನೀರನ್ನು ಹಿಡಿದು ಬಿಡುವಂತೆ, ಆ ಹರಿವನ್ನು ಹಿಡಿದು ಬಿಡುವುದು. ಆಕಾಶದಿಂದ ಬಂದ ಬಲಹೀನವಾದ ತರಂಗವು ಹೀಗೆ ಬಲಗೊಂಡು ಕೋಣೆಯನ್ನು ತುಂಬುವ ಮಾತಾಗುವುದು. ಮರದ ಪೆಟ್ಟಿಗೆಯನ್ನು ಯಾವ ಬಡಗಿಯಾದರೂ ಮಾಡಬಲ್ಲನು. ತಂತಿಯನ್ನು ಸುತ್ತುವುದೂ ಕಷ್ಟವಲ್ಲ. ವಾಲ್ವನ್ನು ಮಾಡಲು ಬಾರದಿದ್ದರೆ ಮಾತ್ರ ಪೆಟ್ಟಿಗೆಯು ಪರರ ಕೃಪೆಯಲ್ಲಿಯೇ ಇರುವುದು.

ಈ ಕೊರತೆಯನ್ನು ನೀಗಲು ಕನ್ನಡ ನಾಡಿನಲ್ಲಿ ಎರಡು ಪ್ರಯತ್ನಗಳು ನಡೆದವು. ಮೊದಲನೆಯದು ನಾವು ಹೇಳಿದ ಮೈಸೂರು ರಸ್ತೆಯ ಕಂಪನಿ. ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯೆಂಬುದು ಅದರ ಉದ್ದನೆಯ ಹೆಸರು. ಜನರ ಬಾಯಲ್ಲಿ ಅದು ರೆಮ್ಕೋ ಆಯಿತು. ಕಾಲಕ್ರಮದಲ್ಲಿ ಅದು ಬಿ.ಎಚ್.ಇ.ಎಲ್.ನಲ್ಲಿ ಲೀನವಾಯಿತು. ಇಂದು ರೆಮ್ಕೋ ಎಂಬ ಹೆಸರು ಬೆಂಗಳೂರಿನ ಬಡಾವಣೆಗಳ ಫಲಕಗಳಲ್ಲಿ ಉಳಿದಿದೆ. ಹೆಸರು ಅಳಿಯಿತೆಂದು ನಾವು ಮರುಗಬೇಕಾಗಿಲ್ಲ. ರೇಡಿಯೋವನ್ನು ಮಾಡಿದ ನೆಲದಲ್ಲಿ ವಿದ್ಯುತ್ ಕೇಂದ್ರಗಳನ್ನು ಆಳುವ ಸಾಧನಗಳು ಹುಟ್ಟುತ್ತಿವೆ. ಒಂದು ಕಸಬನ್ನು ನೆಲೆಗೊಳಿಸಿದ ಊರಿಗೆ ಮತ್ತೊಂದು ಕಸಬು ತಾನಾಗಿ ಒದಗಿಬರುವುದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್. ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ನೆರವಿನಿಂದ, ಮುಖ್ಯವಾಗಿ ಸೈನ್ಯದ ಸಂಪರ್ಕ ಸಾಧನಗಳಿಗಾಗಿ, ಭಾರತ ಸರಕಾರವು ಇದನ್ನು 1954ರಲ್ಲಿ ಸ್ಥಾಪಿಸಿತು. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವುಗಳೂ, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರಿನಂತಹ ಸಾಧನಗಳೂ, 1964ರಲ್ಲಿ ಆಕಾಶವಾಣಿಯ ಪ್ರಸಾರಯಂತ್ರಗಳೂ ತಯಾರಾಗತೊಡಗಿದವು. ಗೋಪಾಲಸ್ವಾಮಿಯವರ ಮನೆಯಿಂದ ಧ್ವನಿ ಹೊರಟ ಮೇಲೆ ಪ್ರಸಾರಯಂತ್ರವು ಈ ನೆಲದಲ್ಲಿ ಸಿದ್ಧವಾಗಲು 29 ವರುಷಗಳು ಬೇಕಾದವು. ಇನ್ನೊಂದು ಸಂಗತಿಯನ್ನೂ ನೋಡಿರಿ. ವಾಲ್ವು ಕೈಗೆ ಬಂದ ಮರುವರುಷವೇ ಟ್ರಾನ್ಸಿಸ್ಟರು ಬಂದಿತು. ಕೆಲವೇ ವರುಷಗಳಲ್ಲಿ ಮನೆಯ ರೇಡಿಯೋದಿಂದ ವಾಲ್ವು ಮಾಯವಾಯಿತು. ತಡವಾಗಿ ಕಲಿತವನು ಹಳತಾಗುತ್ತಿರುವ ವಿದ್ಯೆಯನ್ನು ಕಲಿಯುವನು. ಹಾಗಿದ್ದರೂ ಕಲಿತ ಕೈ ವ್ಯರ್ಥವಾಗಲಿಲ್ಲ. ಅದೇ ಕೈ ಹೊಸದನ್ನೂ ಹಿಡಿಯಿತು.

ಈಗ ನಮ್ಮ ಮನಸ್ಸನ್ನು ಚುಚ್ಚುವ ಮಾತಿಗೆ ಬರುವೆವು. ಭಾರತ್ ಎಲೆಕ್ಟ್ರಾನಿಕ್ಸಿಗೆ ಬೆಂಗಳೂರಲ್ಲದೆ ದೇಶದಲ್ಲಿ ಬೇರೆ ಕಾರ್ಖಾನೆಗಳೂ ಇವೆ. ಅವುಗಳಲ್ಲೊಂದು ಇರುವುದು ಆಂಧ್ರದ ಮಚಲೀಪಟ್ಟಣದಲ್ಲಿ. ಅಲ್ಲಿಗೆ ಅದು ಹೇಗೆ ಹೋಯಿತು? ಆ ಊರಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚಿನಿಂದಲೂ ಆಂಧ್ರ ಸೈಂಟಿಫಿಕ್ ಕಂಪನಿಯೆಂಬ ಉಪಕರಣ ಕಾರ್ಖಾನೆಯಿತ್ತು. 1983ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ವಹಿಸಿಕೊಂಡಿತು. ಮಚಲೀಪಟ್ಟಣವೂ ಬಳ್ಳಾರಿಯೂ ಒಂದೇ ಮದರಾಸು ಆಡಳಿತದಲ್ಲಿದ್ದ ಊರುಗಳು. ನಮ್ಮ ಹಿಂದುಳಿಯುವಿಕೆಗೆಲ್ಲ ಪರರ ಆಡಳಿತವೇ ಕಾರಣವೆಂದು ನಾವು ಬಹುಕಾಲ ಹೇಳಿಕೊಂಡು ಬಂದೆವು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಅದೇ ಆಡಳಿತದಲ್ಲಿ ನಮ್ಮ ಆಂಧ್ರ ಸೋದರರು ಒಂದು ಸಣ್ಣ ಊರಿನಲ್ಲಿ ಕಾರ್ಖಾನೆಯನ್ನು ಕಟ್ಟಿದರು. ಅವರ ಮೇಲೆ ಹೊಟ್ಟೆಕಿಚ್ಚು ಪಡುವುದು ನಮಗೆ ಶೋಭಿಸದು. ಅವರಿಂದ ಕಲಿಯುವುದು ಶೋಭಿಸುವುದು.

ಏಕೀಕರಣವಾಗಿ ಬಹುಕಾಲ ಸಂದಿದೆ. ಬಳ್ಳಾರಿಯ ಸೀಮೆಯು ನಾಡಿಗೆ ಕಬ್ಬಿಣದ ಅದಿರನ್ನು ಕೊಡುತ್ತಿದೆ; ಕುಡತಿನಿಯು ವಿದ್ಯುತ್ತನ್ನು ಕೊಡುತ್ತಿದೆ. ಆದರೆ ಸೂಕ್ಷ್ಮವಾದ ಯಂತ್ರವಿದ್ಯೆಯು ಬಹುಮಟ್ಟಿಗೆ ರಾಜಧಾನಿಯಲ್ಲಿಯೇ ನೆಲೆನಿಂತಿದೆ. ನಮ್ಮ ಮಕ್ಕಳು ಅದನ್ನರಸಿ ರೈಲು ಹತ್ತುವರು. ನಕ್ಷೆಯಲ್ಲಿ ಒಂದಾದ ನಾಡು ಕಸಬಿನಲ್ಲಿಯೂ ಒಂದಾಗಬೇಡವೇ? ಸರಕಾರವು ಮಾಡಬೇಕಾದುದನ್ನು ಸರಕಾರಕ್ಕೆ ಬಿಡದೆ ಕೇಳೋಣ. ಉಪಾಧ್ಯಾಯರು ಮಾಡಬಹುದಾದುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.

ತಮ್ಮ ಊರುಗಳ ಅನೇಕ ಮನೆಗಳ ಅಟ್ಟದ ಮೇಲೆ ಕೆಟ್ಟುಹೋದ ಟ್ರಾನ್ಸಿಸ್ಟರ್ ಪೆಟ್ಟಿಗೆಗಳು ಧೂಳು ಹಿಡಿದು ಕೂತಿರಬಹುದು. ಬ್ಯಾಟರಿಯಿಂದ ನಡೆಯುವ ಅಂತಹದೊಂದನ್ನು ಶಾಲೆಗೆ ತರಿಸಿರಿ. ಹಳೆಯ ವಾಲ್ವು ಪೆಟ್ಟಿಗೆಯನ್ನು ಮಕ್ಕಳ ಕೈಗೆ ಕೊಡಬೇಡಿರಿ. ವಿದ್ಯುತ್ತನ್ನು ತೆಗೆದ ಮೇಲೂ ಅದು ಹೊಡೆಯುವುದುಂಟು. ಟ್ರಾನ್ಸಿಸ್ಟರ್ ಪೆಟ್ಟಿಗೆಯನ್ನು ಬಿಚ್ಚಿ, ತಂತಿಯ ಸುರುಳಿ ಯಾವುದು, ಕೇಂದ್ರವನ್ನು ಹಿಡಿಯುವ ಭಾಗ ಯಾವುದು, ಧ್ವನಿ ಎಲ್ಲಿ ಹುಟ್ಟುವುದು ಎಂಬುದನ್ನು ಕನ್ನಡದಲ್ಲಿಯೇ ಹೇಳಿರಿ. ಕಡಿದ ತಂತಿಯನ್ನು ಅವರ ಮುಂದೆಯೇ ಬೆಸೆಯಿರಿ. ನೂರು ಮಕ್ಕಳಲ್ಲಿ ತೊಂಬತ್ತೊಂಬತ್ತು ಮಂದಿ ನೋಡಿ ಸಂತೋಷಪಟ್ಟು ಹೋಗಲಿ. ಮನೆಗೆ ಹೋಗಿ ಮತ್ತೊಂದನ್ನು ಬಿಚ್ಚುವವನೊಬ್ಬನು ನಮಗೆ ಸಾಕು. ಮೈಸೂರಿನಲ್ಲಿ 1935ರಲ್ಲಿ ಇದ್ದವರೂ ಒಬ್ಬರೇ, ಅವರೂ ಉಪಾಧ್ಯಾಯರೇ.